ಮೊದಲ ನೀರು ಕಾಣದ ನೆಲಹಾಸು

ಮಗ್ಗದ ಕೆಳಗೆ ಅತ್ತೆ ಮಂಡಿಯೂರಿ ಕೂತು ನೆಲ ತಡವುತ್ತಿದ್ದಳು. ಮೊದಲು ಒಂದು ಕೈ, ಆಮೇಲೆ ಎರಡೂ ಕೈ. ಸೊಸೆ ಮಗ್ಗಕ್ಕೆ ಹೊಸ ನೂಲು ಬಿಗಿಯುತ್ತಾ ಸ್ವಲ್ಪ ಹೊತ್ತು ನೋಡಿಯೂ ನೋಡದವಳಂತೆ ಇದ್ದಳು. ವಯಸ್ಸಾದವರು ಏನನ್ನೋ ಹುಡುಕುವಾಗ ಕೇಳಿದರೆ ಬೈಗುಳ, ಕೇಳದಿದ್ದರೆ ಮುನಿಸು. ಎರಡರಲ್ಲಿ ಮುನಿಸು ವಾಸಿ.

"ಏನತ್ತೆ, ನೆಲಕ್ಕೆ ಮಾಲೀಷು ಮಾಡ್ತಿದ್ದೀರಾ?" ಎಂದಳು ಕೊನೆಗೆ.

"ಗುಂಡಿ ಬಿತ್ತು ಕಣೇ. ಶರ್ಟಿಂದು."

"ಡಬ್ಬದ ತುಂಬ ಗುಂಡಿ ಇದೆಯಲ್ಲ. ಒಂದಕ್ಕೆ ಯಾಕೆ ಇಷ್ಟು ಒದ್ದಾಟ?"

ಅತ್ತೆ ಅಂಗೈ ಬಿಚ್ಚಿ, ಚುಚ್ಚಿದರೆ ಚುಚ್ಚಲಿ ಎಂಬಂತೆ ನೆಲಕ್ಕೆ ಒತ್ತಿ ಒತ್ತಿ ನೋಡುತ್ತಿದ್ದಳು. ಗುಂಡಿಯನ್ನು ಯಾರೂ ಹಾಗೆ ಹುಡುಕುವುದಿಲ್ಲ.

ಸೊಸೆಯ ಕೈ ನೂಲಿನ ಮೇಲೆ ನಿಂತುಬಿಟ್ಟಿತು.

"ಅತ್ತೆ, ಸೂಜಿ ಎಲ್ಲಿ?"

ಆ ಮನೆಯ ಮುಂಕೋಣೆಯೇ ಅವರ ಕಾರ್ಖಾನೆ. ಹಳೆ ಪರದೆ, ಹರಿದ ಶರ್ಟು, ಬಣ್ಣ ಮಾಸಿದ ಹೊದಿಕೆಗಳು ಮೂಟೆ ಕಟ್ಟಿಕೊಂಡು ಬರುತ್ತಿದ್ದವು. ಅತ್ತೆ ಅವನ್ನು ಪಟ್ಟಿ ಪಟ್ಟಿಯಾಗಿ ಹರಿದು, ತುದಿಗೆ ತುದಿ ಹೊಲಿದು, ಅಂಚು ಒಳಗಾಗುವಂತೆ ಮಡಿಸಿ ಲಾಳಿಗೆ ಸುತ್ತಿ ಕೊಡುವಳು. ಸೊಸೆ ಲಾಳಿ ತೂರಿ, ಹಲಗೆಯಿಂದ ಬಡಿದು ನೇಯುವಳು. "ಎಷ್ಟು ಸಲ ಒಗೆದರೂ ಜಗ್ಗದ ನೆಲಹಾಸು" ಎಂದು ಸೊಸೆಯ ಗಂಡ ಊರೆಲ್ಲ ಹೇಳಿಕೊಂಡು ಮಾರುತ್ತಿದ್ದ. ಅದು ಬಾಯಿಮಾತಲ್ಲ. ಮಗ್ಗದಿಂದ ಇಳಿದ ಪ್ರತಿ ನೆಲಹಾಸಿಗೂ ಮೊದಲ ನೀರನ್ನು ಅವರೇ ಕೊಡುತ್ತಿದ್ದರು. ನೆನೆಸಿ, ಬಡಿದು, ಹಿಂಡಿ, ಒಣಗಿಸಿದರೆ ನೂಲು ಕುಗ್ಗಿ ನೇಯ್ಗೆ ಬಿಗಿಯಾಗುತ್ತದೆ. ಒಳಗೆ ಅವಿತ ಕೊಕ್ಕೆ, ಗುಂಡಿಯ ಚೂರು, ಗಂಟು ಏನಿದ್ದರೂ ಆ ಬಿಗಿತಕ್ಕೆ ಮೇಲೆ ಬಂದು ಮುಖ ತೋರಿಸುತ್ತದೆ. ಅದನ್ನು ಕಿತ್ತೆಸೆದ ಮೇಲೆಯೇ ಮಾರಾಟ.

ಈ ಸಲ ಮೊದಲ ನೀರು ಕೊಟ್ಟಿರಲಿಲ್ಲ. ಬೀದಿಯ ಕೊಳವೆ ಒಡೆದು ಕುಡಿಯುವುದಕ್ಕೇ ನೀರು ಹೊತ್ತು ತರುವ ಪಾಡಾಗಿತ್ತು. ಆದರೆ ಶಿಶುವಿಹಾರದವರ ಹೊಸ ಕೋಣೆ ತೆರೆಯುವ ದಿನ ಮುಂದಕ್ಕೆ ಹೋಗಲಿಲ್ಲ. ಅಂಬೆಗಾಲಿಡುವ ಮಕ್ಕಳ ಕೋಣೆ. "ಹಾಗೇ ಕೊಟ್ಟುಬಿಡೋಣ, ಒಗೆದುಕೊಳ್ಳೋಕೆ ಅಂತಾನೇ ಅಲ್ವಾ ಅವರು ತಗೊಳ್ಳೋದು" ಎಂದವಳು ಸೊಸೆಯೇ. ನಿನ್ನೆ ಬೆಳಗ್ಗೆ ಗಂಡ ಆರು ನೆಲಹಾಸುಗಳನ್ನು ಸೈಕಲ್ಲಿಗೆ ಬಿಗಿದುಕೊಂಡು ಹೋಗಿ ಕೊಟ್ಟುಬಂದಿದ್ದ.

"ಸೂಜಿ ಎಲ್ಲಿ ಅಂದೆ."

ಅತ್ತೆ ಮಗ್ಗದ ಕಂಬ ಹಿಡಿದು ಎದ್ದಳು. "ಮೂಟೆಯವನು ಬಾಗಿಲು ಬಡಿದ್ನಲ್ಲ ಆವತ್ತು, ಹಸಿರು ಪರದೆ ಹೊಲೀತಿದ್ದೆ. ಏಳೋವಾಗ ಪಟ್ಟಿ ಮಡಿಕೇಲಿ ಸಿಕ್ಕಿಸಿದೆ. ಬಂದು ಲಾಳಿ ಸುತ್ತಿದೆ. ತೆಗೆದೆನೋ ಬಿಟ್ಟೆನೋ ಈಗ ನೆನಪಿಗೇ ಬರ್ತಿಲ್ಲ."

"ಪಟ್ಟೀಲಿ ಸೂಜಿ ಸಿಕ್ಕಿಸೋದಾ? ನಂಗೆ ಹೇಳಿಕೊಟ್ಟಿದ್ದೇ ನೀವು. ಎದ್ದರೆ ಸೂಜಿ ಗೋಡೇಲಿರೋ ಮೆತ್ತೆಗೆ ಹೋಗ್ಬೇಕು ಅಂತ."

"ದಾರ ಪೋಣಿಸಿದ ಸೂಜಿ ಕಣೇ. ಗೋಡೆಗೆ ಸಿಕ್ಕಿಸಿದ್ರೆ ನೀನು ತಗೋತೀಯ, ದಾರ ಕತ್ತರಿಸ್ತೀಯ. ಮತ್ತೆ ಪೋಣಿಸಬೇಕು ಅಂದ್ರೆ..." ಅತ್ತೆ ಅಲ್ಲಿಗೇ ನಿಲ್ಲಿಸಿದಳು.

ಸೊಸೆ ಅವಳ ಮುಖ ನೋಡಿದಳು. "ಎಷ್ಟು ದಿನ ಆಯ್ತು?"

"ಏನು ಎಷ್ಟು ದಿನ?"

"ಕಣ್ಣು."

"ಕಣ್ಣಿಗೇನಾಗಿದೆ? ನಿನ್ನ ಮುಖ ಕಾಣಿಸ್ತಿದೆಯಲ್ಲ. ಕಾಣಿಸದೆ ಇದ್ರೆ ನಂಗೂ ಸುಖ ಇತ್ತು."

ಬೇರೆ ದಿನವಾಗಿದ್ದರೆ ಈ ಮಾತಿಗೆ ಇನ್ನೊಂದು ಮಾತು ಬೀಳುತ್ತಿತ್ತು, ಇಬ್ಬರೂ ನಗುತ್ತಿದ್ದರು. ಈಗ ಸೊಸೆ ಮಗ್ಗದ ಹಲಗೆಯ ಕಡೆ ನೋಡಿದಳು. ಸೂಜಿ ಪಟ್ಟಿಯ ಮಡಿಕೆಯಲ್ಲಿ ಉದ್ದುದ್ದಕ್ಕೆ ಮಲಗಿದೆ. ನಾನೇ ಅದರ ಮೇಲೆ ಹಲಗೆ ಬಡಿದಿದ್ದೇನೆ. ಒಗೆಯುವವರೆಗೆ ಅದು ತೆಪ್ಪಗೆ ಮಲಗಿರುತ್ತದೆ, ಆಮೇಲೆ ಏಳುತ್ತದೆ. ಒಗೆಯಿರಿ, ಎಷ್ಟು ಬೇಕಾದರೂ ಒಗೆಯಿರಿ ಎಂದು ಹೇಳಿಯೇ ಮಾರಿದ್ದು.

ಗಂಡ ಹಿತ್ತಲಿಂದ ಒಳಗೆ ಬಂದ. ವಿಷಯ ಕೇಳಿ ಅವನ ಮುಖದ ಬಣ್ಣ ಇಳಿಯಿತು. ಆದರೂ ಅವನು ವ್ಯಾಪಾರಿ, ಬುದ್ಧಿ ಬೇಗ ಓಡುತ್ತದೆ.

"ಬಾಯಿ ಬಿಡ್ಬೇಡ. ಬಣ್ಣ ಬಿಡ್ತಿದೆ, ಬದಲಾಯಿಸಿ ಕೊಡ್ತೀವಿ ಅಂತ ಹೇಳಿ ಆರನ್ನೂ ವಾಪಸ್ ತಂದ್ಬಿಡು. ಸೂಜಿ ಅಂತ ಒಂದು ಮಾತು ಹೊರಗೆ ಬಿತ್ತೋ, ಈ ಊರಲ್ಲಿ ನಮ್ಮ ನೆಲಹಾಸಿನ ಮೇಲೆ ನಾಯಿನೂ ಮಲಗಲ್ಲ."

"ಯಾರಿಗಾದ್ರೂ ಆಗ್ಲೇ ಚುಚ್ಚಿದ್ರೆ?"

"ಬಾಯಿಗೆ ಒಳ್ಳೇ ಮಾತು ಬರಲ್ವಾ ನಿಂಗೆ? ಮೊದಲು ಹೋಗು."

ಅತ್ತೆ ಆಗಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು. "ನೀವು ಬರಬೇಡಿ" ಎಂದು ಸೊಸೆ ಹೇಳಿದ್ದು ಅವಳಿಗೆ ಕೇಳಿಸಲಿಲ್ಲ. ಬೇಕಾದಾಗ ಅವಳ ಕಿವಿಯೂ ಮಂದವಾಗುತ್ತಿತ್ತು.

ದಾರಿಯುದ್ದಕ್ಕೂ ಸೊಸೆ ಮುಂದೆ ಓಡುವಂತೆ ನಡೆದು, ಮೂಲೆ ಮೂಲೆಯಲ್ಲಿ ನಿಂತು, ಅತ್ತೆ ಬಂದೊಡನೆ ಮತ್ತೆ ಓಡುತ್ತಿದ್ದಳು. ಒಗೆದಿರಲಾರರು ಎಂದು ತನಗೆ ತಾನೇ ಹೇಳಿಕೊಂಡಳು. ಹೊಸದನ್ನು ಯಾರು ಒಗೆಯುತ್ತಾರೆ? ಕೊಳೆಯಾಗಲಿ ಎಂದು ಕಾಯುತ್ತಾರೆ. ಜನ ಸೋಮಾರಿಗಳು. ದೇವರೇ, ಇವರೂ ಸೋಮಾರಿಗಳಾಗಿರಲಿ.

ಶಿಶುವಿಹಾರದ ಅಂಗಳದಲ್ಲಿ ಬಟ್ಟೆ ಒಣಹಾಕುವ ತಂತಿ ಖಾಲಿಯಿತ್ತು. ಅದರ ಕೆಳಗೆ ನೆಲ ಇನ್ನೂ ಒದ್ದೆ.

"ಒಗೆದ್ರಾ?" ಸೊಸೆ ಬಾಗಿಲಲ್ಲಿದ್ದ ಆಯಾಳನ್ನು ಕೇಳಿದಳು. ನಮಸ್ಕಾರ ಹೇಳುವುದೂ ಮರೆತುಹೋಗಿತ್ತು.

ಆಯಾ ಸೊಂಟದ ಮೇಲೆ ಕೈಯಿಟ್ಟಳು. "ಒಗೀದೆ ಮತ್ತೆ? ಯಾರ್ಯಾರು ಉಟ್ಟು ಬಿಟ್ಟ ಬಟ್ಟೆನೋ ಏನೋ, ಅದರ ಮೇಲೆ ಕೂಸುಗಳನ್ನ ಬಿಡೋಕಾಗುತ್ತಾ? ನಿನ್ನೆ ಬಂದ ತಕ್ಷಣ ಕಲ್ಲಿನ ಮೇಲೆ ಹಾಕಿ ಬಡಿದೆ ನೋಡು, ಕೋಲು ಮುರಿಯೋ ಹಾಗೆ. ಗಾಳಿಗೆ ಚೆನ್ನಾಗಿ ಒಣಗಿದ್ವು. ಬೆಳಗ್ಗೆ ಹಾಸಿದೀನಿ. ಒಂದು ಹನಿ ಬಣ್ಣ ಬಿಡ್ಲಿಲ್ಲ ಕಣಮ್ಮ, ಮೆಚ್ಚಬೇಕು ನಿನ್ನ."

ಗಂಡ ಕಟ್ಟಿಕೊಟ್ಟಿದ್ದ ಸುಳ್ಳು ಅಲ್ಲಿಗೇ ಸತ್ತಿತು.

ಒಳಗೆ ಕಿಟಕಿಯ ಬೆಳಕಿನಲ್ಲಿ ಆರು ನೆಲಹಾಸುಗಳು ಒಂದರ ಪಕ್ಕ ಒಂದು ಹಾಸಿಕೊಂಡಿದ್ದವು. ಮೇಲೆ ಮಕ್ಕಳು. ಒಂದು ಮಗು ಅಂಗಾತ ಮಲಗಿ ಕಾಲು ಹಿಡಿದುಕೊಂಡಿತ್ತು. ಎರಡು ಮಕ್ಕಳು ಒಂದೇ ಗಿಲಕಿಗಾಗಿ ಕಿತ್ತಾಡುತ್ತಿದ್ದವು. ಇನ್ನೊಂದು ನೇಯ್ಗೆಯ ಅಂಚಿಗೆ ಬಾಯಿ ಹಾಕಿ ಜೊಲ್ಲು ಸುರಿಸುತ್ತಿತ್ತು. ಸೊಸೆ ಹೋಗಿ ಅದನ್ನು ಬಾಚಿ ಎತ್ತಿಕೊಂಡಳು. ಅದು ಬೆಚ್ಚಿ ಕಿರುಚಿತು.

"ಏನ್ರೀ ಇದು!" ಮೇಲ್ವಿಚಾರಕಿ ಒಳಕೋಣೆಯಿಂದ ಬಂದಳು. ನೀಟಾಗಿ ತಲೆ ಬಾಚಿದ, ಮಾತನ್ನೂ ನೀಟಾಗಿ ಆಡುವ ಹೆಂಗಸು.

"ಎಲ್ಲ ಮಕ್ಕಳನ್ನೂ ಎತ್ತಿಬಿಡಿ. ಈಗ್ಲೇ. ಆಮೇಲೆ ಹೇಳ್ತೀನಿ."

ಅವಳ ದನಿಯಲ್ಲಿ ಏನಿತ್ತೋ, ಮೇಲ್ವಿಚಾರಕಿ ಮರುಮಾತಾಡದೆ ಎರಡು ಮಕ್ಕಳನ್ನು ಎತ್ತಿಕೊಂಡಳು. ಆಯಾ ಉಳಿದವರನ್ನು ಕಂಕುಳಿಗೊಂದರಂತೆ ಒಯ್ದು ತೊಟ್ಟಿಲುಗಳಲ್ಲಿ ಇಳಿಸಿದಳು. ಅತ್ತೆ ಆಗಲೇ ಮೊದಲ ನೆಲಹಾಸಿನ ಮೇಲೆ ಕೂತು ಅಂಗೈ ಆಡಿಸುತ್ತಿದ್ದಳು. ಸೊಸೆ ಎರಡನೆಯದಕ್ಕೆ ಹೋದಳು. ಮೂರನೆಯದರ ಅಂಚಿನ ಹತ್ತಿರ, ಹಸಿರು ಪಟ್ಟಿಯ ನಡುವೆ ಏನೋ ಬೆರಳಿಗೆ ತರಚಿತು. ಹಿಡಿದು ಎಳೆದಳು. ಹಸಿರು ದಾರದ ಬಾಲದ ಸಮೇತ ಸೂಜಿ ಹೊರಗೆ ಬಂತು.

"ಸಿಕ್ತು!" ಅತ್ತೆಗೆ ಅಳುವೇ ಬಂದುಬಿಟ್ಟಿತು. "ಸಿಕ್ತಲ್ಲ, ಕೊಡು ಇಲ್ಲಿ."

ಸೊಸೆ ಕೊಡಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಅದು ಸೂಜಿಯ ಹಿಂಭಾಗ, ದಾರದ ಕಣ್ಣಿರುವ ಅರ್ಧ. ಮೊನೆಯ ಕಡೆ ಮುರಿದಿತ್ತು. ಆಯಾ ಮೆಚ್ಚಿ ಮೆಚ್ಚಿ ಬಡಿದ ಬಡಿತಕ್ಕೆ ಉಕ್ಕು ಎರಡಾಗಿತ್ತು.

ಆಗ ಎಲ್ಲರೂ ಒಂದು ಸಂಗತಿ ಗಮನಿಸಿದರು. ಕೋಣೆಯ ಆ ತುದಿಯ ತೊಟ್ಟಿಲಲ್ಲಿ ಒಂದು ಮಗು ಅಳುತ್ತಿತ್ತು. ಅವರು ಬಂದಾಗಲೂ ಅದು ಅಳುತ್ತಲೇ ಇತ್ತು. ಜೋರಿಲ್ಲ, ಅತ್ತೂ ಅತ್ತೂ ಸವೆದ ಅಳು.

"ಅದಕ್ಕೇನಾಗಿದೆ?" ಸೊಸೆ ಕೇಳಿದಳು.

"ಹಲ್ಲು ಬರ್ತಿದೆ" ಎಂದಳು ಆಯಾ. "ಬೆಳಗ್ಗೆ ಚೆನ್ನಾಗೇ ಆಡ್ತಿತ್ತು. ಆಮೇಲೆ ಹಿಡೀತು ನೋಡು ರಾಗ. ಕೆಳಗೆ ಬಿಟ್ರೆ ಕೂತಲ್ಲೇ ಕೂರುತ್ತೆ, ಅಂಬೆಗಾಲು ಹಾಕೋದೇ ಇಲ್ಲ ಅನ್ನುತ್ತೆ."

ಹಾಗೆಂದ ಮೇಲೆ ಆಯಾಳಿಗೇ ತನ್ನ ಮಾತು ಕೇಳಿಸಿತು. ಅವಳು ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

ಮೇಲ್ವಿಚಾರಕಿ ಮಗುವಿನ ಚಡ್ಡಿ ಸರಿಸಿ ಎರಡೂ ಮಂಡಿ ನೋಡಿದಳು. ಎಡಮಂಡಿಯ ಕೆಳಗೆ ಸಾಸಿವೆಯಷ್ಟು ಕೆಂಪು ಚುಕ್ಕೆ. ಸುತ್ತ ಸ್ವಲ್ಪ ಊದಿತ್ತೋ, ಮಗುವಿನ ಮಂಡಿಯೇ ಹಾಗಿತ್ತೋ, ಹೇಳುವುದು ಕಷ್ಟ. ಮುಟ್ಟಿದರೆ ಮಗು ಕಾಲು ಎಳೆದುಕೊಂಡು ಚೀರಿತು.

"ಇರುವೆ ಕಚ್ಚಿರಬಹುದು" ಎಂದಳು ಮೇಲ್ವಿಚಾರಕಿ. ಅದನ್ನು ಹೇಳಿದ ರೀತಿಯಲ್ಲೇ ಅವಳಿಗೆ ನಂಬಿಕೆಯಿಲ್ಲವೆಂದು ತಿಳಿಯುತ್ತಿತ್ತು. ಹಾಗಿದ್ದರೂ ಮೊದಲ ದಿನ, ಹೊಸ ಕೋಣೆ, ಹತ್ತಾರು ತಾಯಂದಿರು. "ನಾನು ಇವಳ ತಾಯಿಗೆ ಫೋನ್ ಮಾಡ್ತೀನಿ, ಮಗು ಅಳ್ತಿದೆ ಅಂತ. ಅವಳು ಬರೋದ್ರೊಳಗೆ ಇನ್ನರ್ಧ ಹುಡುಕಿ. ಹಾಸಿನಲ್ಲೇ ಸಿಕ್ಕಿಬಿಟ್ರೆ ಯಾರಿಗೂ ಏನೂ ಹೇಳೋದೇ ಬೇಡ. ಅಲ್ವಾ?"

ಆ "ಅಲ್ವಾ" ಎಷ್ಟು ಸಿಹಿಯಾಗಿ ಕಿವಿಗೆ ಬಿತ್ತೆಂದರೆ ಸೊಸೆ ತಲೆಯಾಡಿಸಿಬಿಟ್ಟಳು.

ಕತ್ತರಿ ತರಿಸಿ ಆ ಮೂರನೆಯ ನೆಲಹಾಸಿನ ತುದಿಯ ಗಂಟುಗಳನ್ನು ಕತ್ತರಿಸಿದರು. ಸೊಸೆ ಒಂದೊಂದೇ ಪಟ್ಟಿ ಎಳೆದು ಕೊಟ್ಟಳು. ಅತ್ತೆ ಅದರ ಮಡಿಕೆ ಬಿಡಿಸಿ, ಹೆಬ್ಬೆರಳು ತೋರುಬೆರಳ ನಡುವೆ ಉದ್ದಕ್ಕೂ ಜಾರಿಸಿ ಪಕ್ಕಕ್ಕೆ ಹಾಕಿದಳು. ಪರದೆಯ ಹಸಿರು, ಪಟ್ಟೆ ಶರ್ಟು, ಯಾರದೋ ಹೂವಿನ ಹೊದಿಕೆ. ಸಿಗಲಿ ಎಂದು ಹುಡುಕುವವರ ಬೆರಳು ಬಿರುಸಾಗಿ ಓಡಬೇಕು. ಇವರ ಬೆರಳು ಹೋಗುತ್ತಾ ಹೋಗುತ್ತಾ ನಿಧಾನವಾಯಿತು. ಬರಿದಾಗಿ ಹೊರಬಿದ್ದ ಪ್ರತಿ ಪಟ್ಟಿಯೂ ಆ ಮೊನೆಯನ್ನು ತೊಟ್ಟಿಲ ಹತ್ತಿರಕ್ಕೆ ತಳ್ಳುತ್ತಿತ್ತು. ನೆಲಹಾಸು ಅರ್ಧವಾಯಿತು. ಆಮೇಲೆ ಒಂದು ಮೊಳ ಉಳಿಯಿತು. ತೊಟ್ಟಿಲ ಕಡೆಯಿಂದ ಆ ಸವೆದ ಅಳು ನಿಲ್ಲುತ್ತಲೇ ಇರಲಿಲ್ಲ.

"ಇದರಲ್ಲಿರುತ್ತೆ ನೋಡು" ಎನ್ನುತ್ತಿದ್ದಳು ಅತ್ತೆ ಪ್ರತಿ ಸಲ. "ಇದರಲ್ಲಿರುತ್ತೆ."

ಕೊನೆಯ ಪಟ್ಟಿ ಎಳೆದಾಗ ಅವಳು ಏನೂ ಅನ್ನಲಿಲ್ಲ. ಅದರ ಮೇಲೆ ಬೆರಳಾಡಿಸಿ, ತಿರುಗಿಸಿ ಮತ್ತೆ ಆಡಿಸಿ, ಮಡಿಲಲ್ಲಿಟ್ಟುಕೊಂಡು ಕೂತಳು. ಆಯಾ ಪೊರಕೆ ಹಿಡಿದು ಕೋಣೆ, ಅಂಗಳ, ಒಗೆಯುವ ಕಲ್ಲಿನ ಸುತ್ತ ಗುಡಿಸಿ ಬಂದು ತಲೆಯಲ್ಲಾಡಿಸಿದಳು.

ಅಷ್ಟರಲ್ಲಿ ಮಗುವಿನ ತಾಯಿ ಬಂದಳು. ಬಸ್ ಕಂಡಕ್ಟರ್. ಖಾಕಿ ಅಂಗಿ, ಹೆಗಲಲ್ಲಿ ಟಿಕೆಟಿನ ಚೀಲ ಇನ್ನೂ ನೇತಾಡುತ್ತಿತ್ತು.

"ಏನಂತೆ ನಮ್ಮ ರಾಣಿಗೆ? ಬಸ್ಸನ್ನೇ ನಿಲ್ಲಿಸಿ ಬಂದಿದ್ದೀನಿ. ಡ್ರೈವರ್ ಬೈಕೊಂಡು ಕೂತಿದ್ದಾನೆ." ಅವಳು ಮಗುವನ್ನು ಎತ್ತಿಕೊಂಡು ನಕ್ಕಳು. ಆಮೇಲೆ ಕೋಣೆ ನೋಡಿದಳು. ನೆಲದ ತುಂಬ ಚಿಂದಿ, ನಡುವೆ ಮುಖ ಎತ್ತದೆ ಕೂತ ಮುದುಕಿ. "ಏನಾಯ್ತು ಇಲ್ಲಿ?"

"ಹಲ್ಲು ಬರ್ತಿರಬೇಕು" ಎಂದಳು ಮೇಲ್ವಿಚಾರಕಿ ಮೆಲ್ಲಗೆ, ಸೊಸೆಯ ಕಡೆ ನೋಡುತ್ತಾ.

ಈಗ ಸುಮ್ಮನಿದ್ದರಾಯಿತು. ಕಂಡಕ್ಟರ್ ಮಗುವನ್ನು ಮನೆಗೊಯ್ಯುತ್ತಾಳೆ. ರಾತ್ರಿ ಜ್ವರ ಬಂದರೆ ಹಲ್ಲಿನ ಜ್ವರ. ಕಾಲು ಊದಿದರೆ ಎಲ್ಲೋ ಉಳುಕಿರಬೇಕು. ಆ ಮೊನೆ ಒಳಗೆ ಎಲ್ಲಿಗೆ ಬೇಕಾದರೂ ಹೋಗಬಹುದು, ಯಾವ ಮನೆಯ ಸೂಜಿಯೆಂದು ಯಾರೂ ಕೇಳುವುದಿಲ್ಲ. ಗಂಡ ಊರೆಲ್ಲ ಹೇಳಿ ಹೇಳಿ ಕಟ್ಟಿದ ವ್ಯಾಪಾರ, ಅತ್ತೆಯ ಬಾಗಿದ ತಲೆ, ಎಲ್ಲವೂ ಸೊಸೆಯ ಕಣ್ಣ ಮುಂದಿತ್ತು.

"ಹಲ್ಲಲ್ಲ" ಎಂದಳು. "ನಾವು ನೇಯ್ದ ಹಾಸಿನಲ್ಲಿ ಸೂಜಿ ಉಳಿದಿತ್ತು. ಅರ್ಧ ಸಿಕ್ಕಿದೆ. ಇನ್ನರ್ಧ ನಿಮ್ಮ ಮಗು ಮಂಡೀಲಿದೆ ಅಂತ ನಂಗನಿಸುತ್ತೆ. ಈಗ್ಲೇ ಆಸ್ಪತ್ರೆಗೆ ಹೋಗಬೇಕು. ಕಾಲು ಮಡಚೋಕೆ ಬಿಡಬೇಡಿ, ನೆಟ್ಟಗೆ ಹಿಡ್ಕೊಳ್ಳಿ."

ಕಂಡಕ್ಟರಳ ಮುಖದಲ್ಲಿ ನಗು ಇನ್ನೂ ಪೂರ್ತಿ ಹೋಗಿರಲಿಲ್ಲ. ಅದು ಹೋಗುವುದನ್ನು ಸೊಸೆ ನಿಂತು ನೋಡಬೇಕಾಯಿತು.

ಆಸ್ಪತ್ರೆ ಎರಡು ಬೀದಿ ಆಚೆ. ಎಕ್ಸ್‌ರೇ ಚಿತ್ರ ತೆಗೆಯುವ ಕೋಣೆಯೊಳಗೆ ತಾಯಿ ಮಗು ಹೋದರು. ಬಾಗಿಲು ಮುಚ್ಚಿತು. ಹೊರಗಿನ ಬೆಂಚಿನಲ್ಲಿ ಅತ್ತೆ, ಸೊಸೆ, ಮೇಲ್ವಿಚಾರಕಿ, ಮೂವರ ಕಣ್ಣೂ ಆ ಬಾಗಿಲ ಮೇಲೆ. ಡಾಕ್ಟರು ಬಂದು ಚಿತ್ರವನ್ನು ಬೆಳಕಿಗೆ ಹಿಡಿದರು. ಪುಟ್ಟ ಮಂಡಿ, ಹೊಗೆಯಂತೆ. ಅದರ ಕೆಳಗೆ ಯಾರೋ ಉಗುರಿನಿಂದ ಗೀರಿದಂತೆ ಬಿಳಿ ಗೀಟು.

"ಕೀಲಿನ ಹತ್ತಿರ ಇದೆ, ಒಳಗೆ ಹೋಗಿಲ್ಲ. ನಾಳೆ ಬಂದಿದ್ರೆ ಹೀಗೆ ಹೇಳ್ತಿರಲಿಲ್ಲ ನಾನು" ಎಂದರು ಡಾಕ್ಟರು. ಆಮೇಲೆ ಸೊಸೆಯ ಕೈಯಲ್ಲಿದ್ದ ತುಂಡು ನೋಡಿದರು. "ಸೂಜಿ ಮುರಿದದ್ದು ಎರಡೇ ತುಂಡಾಗೋ, ಮೂರಾಗೋ?"

ಅದನ್ನು ಯಾರೂ ಯೋಚಿಸಿರಲಿಲ್ಲ. ಮೇಲ್ವಿಚಾರಕಿ ಬೆಂಚಿನಿಂದ ಎದ್ದೇಬಿಟ್ಟಳು. ತೊಟ್ಟಿಲುಗಳಲ್ಲಿ ಇನ್ನೂ ಅಷ್ಟು ಮಕ್ಕಳು. ನೇಯ್ಗೆಯ ಅಂಚಿಗೆ ಬಾಯಿ ಹಾಕಿದ್ದ ಮಗು.

ಸೊಸೆ ಗಂಡನಿಗೆ ಫೋನ್ ಮಾಡಿದಳು. "ಅದೇ ಕಟ್ಟಿನ ಇನ್ನೊಂದು ಸೂಜಿ ಬೇಕು. ತಗೊಂಡು ಆಸ್ಪತ್ರೆಗೆ ಬಾ."

"ಹೇಳಿಬಿಟ್ಯಾ?"

"ಹೇಳಿದೆ."

"ಮಗು ಹೇಗಿದೆ?" ಎಂದ ಅವನು.

ಡಾಕ್ಟರು ಮಂಡಿ ಮರಗಟ್ಟಿಸಿ ಮೊನೆ ತೆಗೆಯುವ ಹೊತ್ತಿಗೆ ಗಂಡ ಬೆವರಿಳಿಸಿಕೊಂಡು ಬಂದು ತಲುಪಿದ. ಸೂಜಿಯ ಕಟ್ಟನ್ನೇ ತಂದಿದ್ದ. ಬಿಳಿ ಬಟ್ಟೆಯ ಮೇಲೆ ಡಾಕ್ಟರು ಇಡೀ ಸೂಜಿಯೊಂದನ್ನು ಇಟ್ಟು, ಅದರ ಪಕ್ಕ ಎರಡು ತುಂಡುಗಳನ್ನು ಜೋಡಿಸಿದರು. ಒಂದು ಕೂದಲೆಳೆ ಗಿಡ್ಡವಾಗಿ ಕಂಡಿತು. ಡಾಕ್ಟರು ಚಿಮುಟದಿಂದ ಒಂದು ತುಂಡನ್ನು ಸ್ವಲ್ಪ ಹೊರಳಿಸಿದರು. ಮುರಿದ ಬಾಯಿಗೆ ಮುರಿದ ಬಾಯಿ ಕೂತುಕೊಂಡಿತು. ಉದ್ದ ಸರಿಯಾಯಿತು.

ಮೇಲ್ವಿಚಾರಕಿ ಗೋಡೆಗೆ ಮುಖ ಮಾಡಿ ಅತ್ತಳು. ಅತ್ತ ಮೇಲೆ ತಲೆಗೂದಲು ಸರಿಮಾಡಿಕೊಂಡು, "ಉಳಿದ ಐದನ್ನೂ ಇವತ್ತೇ ತಗೊಂಡು ಹೋಗಿ. ಮತ್ತೆ ನಮ್ಮ ಬಾಗಿಲಿಗೆ ಬರಬೇಡಿ" ಎಂದಳು. ಗಂಡ "ಆಯ್ತಮ್ಮ" ಎಂದ. ಅವನ ಬಾಯಿಂದ ಚೌಕಾಸಿಯಿಲ್ಲದ ಮಾತನ್ನು ಸೊಸೆ ಕೇಳಿದ್ದು ಅದೇ ಮೊದಲು.

ಕಂಡಕ್ಟರ್ ನಿದ್ದೆಗೆ ಬಿದ್ದ ಮಗುವನ್ನು ಭುಜಕ್ಕೆ ಒರಗಿಸಿಕೊಂಡು ಹೊರಗೆ ಬಂದಳು. ಮಂಡಿಗೆ ಬಿಳಿ ಪಟ್ಟಿ.

"ಯಾರದ್ದು ಸೂಜಿ?"

"ನಂದು" ಎಂದಳು ಅತ್ತೆ. "ಕಣ್ಣು ಕಾಣಲ್ಲ ನಂಗೆ. ಮನೇಲಿ ಯಾರಿಗೂ ಹೇಳಿರಲಿಲ್ಲ. ಹೇಳಿದ್ರೆ ಕೆಲಸ ಬಿಡಿಸ್ತಾರೆ ಅಂತ."

"ಒಗೀದೆ ಕಳಿಸಿದ್ದು ನಾನು" ಎಂದಳು ಸೊಸೆ.

ಕಂಡಕ್ಟರ್ ಇಬ್ಬರನ್ನೂ ನೋಡಿದಳು. ಟಿಕೆಟ್ ಇಲ್ಲದವರನ್ನು ಎಷ್ಟೋ ನೋಡಿದವಳು. ಬಾಯಿ ಬಿಟ್ಟವರನ್ನು ಕಂಡದ್ದು ಕಡಿಮೆ. ಆದರೂ ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ನಾಳೆ ಬೆಳಗ್ಗೆ ಪಟ್ಟಿ ಬದಲಾಯಿಸೋಕೆ ಬರಬೇಕಂತೆ. ಅಷ್ಟರಲ್ಲಿ ಜ್ವರ ಬಂದ್ರೆ, ಕಾಲು ಆಡಿಸದೆ ಇದ್ರೆ ಕೀವಾಗಿದೆ ಅಂತ ಅರ್ಥ, ಮತ್ತೆ ಕೊಯ್ಯಬೇಕು ಅಂದ್ರು. ಈಗ ನಂಗೆ ನಿಮ್ಮ ಮುಖ ನೋಡೋಕಾಗ್ತಿಲ್ಲ. ಹೋಗಿ ಇಲ್ಲಿಂದ."

ಅವರು ಹೋದರು.

ಆ ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆ ಹತ್ತಲಿಲ್ಲ. ಬೆಳಕು ಹರಿಯುತ್ತಿದ್ದಂತೆ ಸೊಸೆ ಸದ್ದಾಗದಂತೆ ಬಾಗಿಲು ತೆಗೆದಳು. ಅತ್ತೆ ಮೆಟ್ಟಿಲ ಮೇಲೆ ಚಪ್ಪಲಿ ಮೆಟ್ಟಿ ಕೂತಿದ್ದಳು.

"ಇಷ್ಟು ಬೇಗ ಆಸ್ಪತ್ರೆ ತೆಗೆಯಲ್ಲ ಅತ್ತೆ."

"ತೆಗೆಯೋವರೆಗೆ ನಿಂತ್ಕೊಂಡ್ರೆ ಕಾಲು ಸವೆಯುತ್ತಾ? ನಡಿ."

ಆಸ್ಪತ್ರೆಯ ಎದುರುಗಡೆ, ರಸ್ತೆಯ ಈ ಬದಿಯಲ್ಲಿ, ಮುಚ್ಚಿದ ಅಂಗಡಿಯೊಂದರ ಕಟ್ಟೆಗೆ ಆತು ನಿಂತರು. ಹತ್ತಿರ ಹೋಗುವ ಧೈರ್ಯವಿರಲಿಲ್ಲ. ಆಸ್ಪತ್ರೆಯ ಬಾಗಿಲು ತೆರೆಯಿತು. ಕೆಮ್ಮುವವರು ಬಂದರು, ಕೈ ಕಟ್ಟಿಕೊಂಡವರು ಬಂದರು. ಖಾಕಿ ಅಂಗಿ ಬರಲಿಲ್ಲ. ರಾತ್ರಿಯೇ ಬೇರೆ ಕಡೆ ಹೋಗಿರಬಹುದು ಎಂದು ಸೊಸೆಗೆ ಅನಿಸಿತು. ರಾತ್ರಿ ಜ್ವರವೇರಿ, ದೊಡ್ಡ ಆಸ್ಪತ್ರೆಗೆ ಸೇರಿಸಿ... ಅವಳು ಅದನ್ನು ಬಾಯಿಗೆ ತರಲಿಲ್ಲ.

"ಬಂದ್ರಾ?" ಅತ್ತೆ ಕೇಳಿದಳು.

"ಇಲ್ಲ."

"ಈಗ?"

"ಅತ್ತೆ, ಬಂದ್ರೆ ಹೇಳಲ್ವಾ ನಾನು?"

ಮೂಲೆಯಲ್ಲಿ ಬಸ್ಸೊಂದು ನಿಂತು ಹೋಯಿತು. ಅದರ ಹಿಂದಿನಿಂದ ಕಂಡಕ್ಟರ್ ರಸ್ತೆ ದಾಟಿ ಬಂದಳು, ಎಡ ಸೊಂಟದ ಮೇಲೆ ಮಗು. ಪಟ್ಟಿ ಕಟ್ಟಿದ ಕಾಲು ಆ ಕಡೆಗಿತ್ತು, ತಾಯಿಯ ಮೈಗೆ ಮರೆಯಾಗಿ. ಮಗುವಿನ ತಲೆ ಮಾತ್ರ ಕಾಣುತ್ತಿತ್ತು. ಮಲಗಿದೆಯೋ, ಸೋತಿದೆಯೋ ಗೊತ್ತಾಗಲಿಲ್ಲ.

ಮೆಟ್ಟಿಲ ಹತ್ತಿರ ಕಂಡಕ್ಟರ್ ಅವರನ್ನು ನೋಡಿದಳು. ಅವಳ ಮುಖ ಬಿಗಿಯಿತು. ತಲೆಯಾಡಿಸಲಿಲ್ಲ, ಕರೆಯಲಿಲ್ಲ. ಒಂದು ಕ್ಷಣ ನಿಂತು ಮಗುವನ್ನು ಬಲ ಸೊಂಟಕ್ಕೆ ಬದಲಾಯಿಸಿಕೊಂಡಳು. ಈಗ ಪಟ್ಟಿ ಕಟ್ಟಿದ ಕಾಲು ರಸ್ತೆಯ ಕಡೆಗೆ ಬಂತು.

"ಏನು ಮಾಡ್ತಿದೆ?" ಅತ್ತೆ ಸೊಸೆಯ ತೋಳು ಹಿಡಿದಳು. "ಹೇಳೇ, ನಂಗೆ ಬರೀ ಬಿಳಿ ಕಾಣುತ್ತೆ. ಏನು ಮಾಡ್ತಿದೆ ಮಗು?"

"ಒದೀತಿದೆ ಅತ್ತೆ" ಎಂದಳು ಸೊಸೆ. "ಅದೇ ಕಾಲಲ್ಲಿ. ಅವರಮ್ಮನ ಟಿಕೆಟ್ ಚೀಲಾನ ಒದೀತಾನೇ ಇದೆ."